ಶಾಕ್ ಅಬ್ಸಾರ್ಬರ್ ಮೇಲೆ ಹೊರಿಸಿದ ತಪ್ಪು: 1994ರ ಒಂದು ಮಿಯಾಟಾದ ಪ್ರಕರಣ

2023ರ ಏಪ್ರಿಲ್‌ನಲ್ಲಿ ಗೆಳೆಯ ಫೋನ್ ಮಾಡಿದ್ದು ಸಲಹೆ ಕೇಳಲಿಕ್ಕಲ್ಲ, ಒಪ್ಪಿಗೆ ಪಡೆಯಲಿಕ್ಕೆ. "ಕಾಯಿಲೋವರ್ ಸೆಟ್ ನೋಡಿಟ್ಟಿದ್ದೇನೆ ಮಾರಾಯ, 32 ಕ್ಲಿಕ್ಕಿನದ್ದು. ಇವತ್ತು ರಾತ್ರಿ ಆರ್ಡರ್ ಮಾಡ್ಲಾ?" ಕಾಯಿಲೋವರ್ ಅಂದರೆ ಸ್ಪ್ರಿಂಗು, ಶಾಕ್ ಎರಡೂ ಸೇರಿದ, ಎತ್ತರ ಬದಲಿಸಬಹುದಾದ ಸೆಟ್. ಶಾಕಿನ ಬಿಗಿ ಹೊಂದಿಸುವ ಒಂದೊಂದು ಹಂತ ಒಂದೊಂದು ಕ್ಲಿಕ್. ಅವನು ಉಡುಪಿ ಕಡೆಯ ಸಾಫ್ಟ್‌ವೇರ್ ಮನುಷ್ಯ. ನಾನು ಮೈಸೂರಿನಿಂದ ಬಂದು ಡೆಟ್ರಾಯಿಟ್ ಆಸುಪಾಸಿನಲ್ಲಿ ಕಾರುಗಳ ಸಸ್ಪೆನ್ಶನ್, ಅಂದರೆ ಚಕ್ರಕ್ಕೂ ಗಾಡಿಯ ಮೈಗೂ ನಡುವಿನ ಸ್ಪ್ರಿಂಗು-ಶಾಕ್ ಜೋಡಣೆಯ ಕೆಲಸ ಮಾಡುವವನು. 32 ಕ್ಲಿಕ್ ಅಂದಕೂಡಲೇ ನನಗೆ ಭಯವಾಯಿತು. ಒಂದನ್ನೂ ಸರಿಯಾಗಿ ಇಡಲು ಬಾರದವನಿಗೆ 32 ಯಾಕೆ? "ಮೊದಲು ಗಾಡಿ ತಗೊಂಡು ಬಾ, ದುಡ್ಡು ಆಮೇಲೆ ಸುರಿ" ಅಂದೆ.

ಗಾಡಿ 1994ರ ಮಾಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಅದನ್ನು ಮಿಯಾಟಾ ಅನ್ನುತ್ತಾರೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಾಣಿಸಿಕೊಂಡ, ಕಣ್ಣು ತೆರೆದು ಮುಚ್ಚುವ ಹೆಡ್‌ಲೈಟಿನ, ಎರಡೇ ಸೀಟಿನ ಪುಟ್ಟ ಕಾರು ಇದು. 1994ಕ್ಕೆ 1.6 ಲೀಟರ್ ಎಂಜಿನ್ನಿನ ಜಾಗಕ್ಕೆ 1.8 ಲೀಟರಿನದು ಬಂತು, 128 ಅಶ್ವಶಕ್ತಿ. ತೂಕ ಸಾವಿರ ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ, ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ) 2265 ಮಿ.ಮೀ., ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುವ ಜೋಡಣೆ. ಮುಖ್ಯ ಎಂಜಿನಿಯರ್ ತೊಶಿಹಿಕೊ ಹಿರಾಯ್ ಅವರ ತಂಡ 'ಜಿನ್ಬಾ ಇತ್ತಾಯ್', ಅಂದರೆ ಕುದುರೆಯೂ ಸವಾರನೂ ಒಂದೇ ಮೈ ಎಂಬ ಮಾತನ್ನು ಹಿಡಿದು ಇದನ್ನು ಕಟ್ಟಿತು. ನನ್ನ ಗೆಳೆಯನ ಕುದುರೆಗೆ ಆಗ 29 ವರ್ಷ.

ಅವನ ದೂರು ಮೂರು. ಗುಂಡಿಗೆ ಬಿದ್ದರೆ ಬೆನ್ನುಮೂಳೆಗೇ ಏಟು ಬಿದ್ದಂತಾಗುತ್ತದೆ. ಮನೆಯಿಂದ ಆಫೀಸಿಗೆ ಹೋಗುವ ಹಳೇ ಕಾಂಕ್ರೀಟ್ ರಸ್ತೆಯಲ್ಲಿ ಗಂಟೆಗೆ 70 ಕಿ.ಮೀ. ಹತ್ತಿರ ಗಾಡಿ ತೊಟ್ಟಿಲಿನಂತೆ ತೂಗುತ್ತದೆ, 100 ದಾಟಿದರೆ ಸುಮ್ಮನಾಗುತ್ತದೆ. ಮೂರನೆಯದು ನನ್ನ ಕಿವಿ ನಿಮಿರಿಸಿದ್ದು: ತಿರುವಿನ ನಡುವೆ ಸಣ್ಣ ಉಬ್ಬು ಸಿಕ್ಕರೆ ಮುಂದಿನ ಚಕ್ರ ಹೊರಕ್ಕೆ 'ಟಪ್' ಅಂತ ಜಿಗಿಯುತ್ತದೆ. "ಶಾಕ್ ಹೋಗಿದೆ, ಅಷ್ಟೇ ಅಲ್ವಾ?" ಅಂದ. ಶಾಕ್ ಹೋಗಿದ್ದು ನಿಜವೇ. ಆದರೆ ಈ ಮೂರು ದೂರಿಗೆ ಕಾರಣ ಒಂದೇ ಅಲ್ಲ ಅನ್ನುವುದು ಗಾಡಿ ನೋಡುವ ಮುಂಚೆಯೇ ಅನುಮಾನ ಬರುವಂತಿತ್ತು.

ಇಲ್ಲೊಂದು ಮಾತು ಹೇಳಿಬಿಡಬೇಕು. ಶಾಕ್ ಅಬ್ಸಾರ್ಬರ್ ಅನ್ನುವ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಏಟು ನುಂಗುವುದು ಸ್ಪ್ರಿಂಗು. ನುಂಗಿದ ಶಕ್ತಿಯನ್ನು ಸ್ಪ್ರಿಂಗು ತಿರುಗಿ ಕಕ್ಕುವಾಗ, ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕಿ, ಆ ಶಕ್ತಿಯನ್ನು ಬಿಸಿ ಮಾಡಿ ಕಳೆಯುವುದು ಶಾಕ್. ಸ್ಪ್ರಿಂಗಿನ ಬಿಗಿ, ಅದರ ಮೇಲಿನ ತೂಕ ಗೊತ್ತಿಲ್ಲದೆ ಶಾಕ್ ಆರಿಸುವುದು ಅಂದರೆ ಪಾದದ ಅಳತೆ ಬಿಟ್ಟು ಚಪ್ಪಲಿ ಕೊಂಡ ಹಾಗೆ.

ಶನಿವಾರ ಬೆಳಿಗ್ಗೆ ಗಾಡಿ ಬಂತು. ಅವನು ಬಾನೆಟ್ ಮೂಲೆ ಒತ್ತಿ ಕುಣಿಸಿ ತೋರಿಸಿದ. ಒಂದು ಬಾರಿ ಮೇಲೆದ್ದು ನಿಂತಿತು. "ಇದು ಪಾಸ್ ಆಯ್ತಲ್ಲ!" ಎಂದು ಅವನಿಗೇ ಆಶ್ಚರ್ಯ. ಕೈಯಲ್ಲಿ ಒತ್ತುವ ಪರೀಕ್ಷೆ ಪೂರ್ತಿ ಸತ್ತ ಶಾಕನ್ನು ಮಾತ್ರ ಹಿಡಿದುಕೊಡುತ್ತದೆ. ಕೈಯಿಂದ ಬರುವ ವೇಗ ತೀರ ಕಡಿಮೆ, ಕೀಲುಗಳಲ್ಲಿರುವ ರಬ್ಬರ್ ಬುಶ್‌ಗಳ ಬಿಗಿಯೇ ಅದನ್ನು ಅಡಗಿಸಿಬಿಡಬಹುದು. ಅರ್ಧ ಸತ್ತ ಶಾಕ್ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ.

ನಾನು ಮೊದಲು ನೋಡಿದ್ದು ಟೈರು. ಪಕ್ಕದ ಗೋಡೆಯಲ್ಲಿ ನಾಲ್ಕಂಕಿ: 2311. ಅಂದರೆ 2011ರ 23ನೇ ವಾರದಲ್ಲಿ ತಯಾರಾದದ್ದು. ಗ್ರಿಪ್ಪಿನ ಆಳ ಚೆನ್ನಾಗಿತ್ತು, ಉಗುರು ಒತ್ತಿದರೆ ಮಾತ್ರ ಹೆಂಚಿನ ಹಾಗೆ. ಕಡಿಮೆ ಓಡಿದ ಗಾಡಿಗಳ ಟೈರು ಸವೆಯುವುದಿಲ್ಲ, ಒಣಗುತ್ತದೆ. "ಇನ್ನೂ ಹೊಸದಿದೆ" ಅಂತ ಮಾಲೀಕರು ಹೆಮ್ಮೆಪಡುವುದು ಇಂಥ ಟೈರನ್ನೇ.

ಎರಡನೆಯದು ಎತ್ತರ. ಚಕ್ರದ ನಡುಬಿಂದುವಿನಿಂದ ಚಕ್ರದ ಮೇಲಿನ ತಗಡಿನ, ಅಂದರೆ ಫೆಂಡರಿನ, ಅಂಚಿನವರೆಗೆ ಟೇಪು ಹಿಡಿದು ನಾಲ್ಕೂ ಕಡೆ ಅಳೆದೆ. ಹೀಗೆ ಅಳೆದರೆ ಟೈರಿನ ಗಾತ್ರ, ಗಾಳಿ ಲೆಕ್ಕಕ್ಕೆ ಅಡ್ಡ ಬರುವುದಿಲ್ಲ. ನಮ್ಮ ಬೀದಿಯಲ್ಲೇ ಯಾವ ಮಾರ್ಪಾಡೂ ಆಗದ ಇನ್ನೊಂದು ಹಳೇ ಮಿಯಾಟಾ ಇದೆ, ಅದಕ್ಕೂ ಟೇಪು ಹಿಡಿದು ಹೋಲಿಸಿದೆವು. ಇವನ ಗಾಡಿ ಮುಂದೆ 40 ಮಿ.ಮೀ., ಹಿಂದೆ 35 ಮಿ.ಮೀ. ತಗ್ಗಿತ್ತು. ಹಿಂದಿನ ಮಾಲೀಕ ಚಂದಕ್ಕೆ ಕುಳ್ಳ ಸ್ಪ್ರಿಂಗ್ ಹಾಕಿಸಿ, ಶಾಕ್ ಹಳೆಯದನ್ನೇ ಬಿಟ್ಟಿದ್ದ. ಗೆಳೆಯನಿಗೆ ಇದು ಗೊತ್ತಿರಲಿಲ್ಲ. "ಮಿಯಾಟಾ ಇರೋದೇ ಹಾಗೆ ಅಂದ್ಕೊಂಡಿದ್ದೆ."

ಮೂರನೆಯದೇ ಈ ಪ್ರಕರಣದ ತಿರುಳು. ಶಾಕಿನ ಕಡ್ಡಿಯ ಮೇಲೆ, ಧೂಳುಗವಚದ ಒಳಗೆ, ಬಂಪ್ ಸ್ಟಾಪ್ ಅನ್ನುವ ನೊರೆಯಂಥ ಪಾಲಿಯುರಿಥೇನಿನ ತುಂಡು ಇರುತ್ತದೆ. ಚಕ್ರ ಪೂರ್ತಿ ಮೇಲೇರುವಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವುದು ಅದರ ಕೆಲಸ. ಮಿಯಾಟಾದಂಥ ಚಿಕ್ಕ ಕಾರಿನಲ್ಲಿ ಮೇಲ್ಮುಖ ಚಲನೆಗೆ ಜಾಗವೇ ಕಡಿಮೆ, ಹಾಗಾಗಿ ಅಲ್ಲಿ ಬಂಪ್ ಸ್ಟಾಪ್ ಬರೀ ಕಾವಲುಗಾರ ಅಲ್ಲ, ಎರಡನೇ ಸ್ಪ್ರಿಂಗ್ ಎಂದೇ ಲೆಕ್ಕ. ಆ ಜಾಗದಿಂದ 40 ಮಿ.ಮೀ. ಕಿತ್ತುಕೊಂಡರೆ ಉಳಿಯುವುದೇನು?

ಅದನ್ನು ನೋಡಲು ಹತ್ತು ಪೈಸೆಯ ಉಪಾಯ ಒಂದಿದೆ. ಧೂಳುಗವಚ ಮೇಲೆ ಸರಿಸಿ, ಕಡ್ಡಿಗೆ ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು, ಶಾಕಿನ ದೇಹದ ಅಂಚಿಗೆ ತಂದು ಕೂರಿಸಬೇಕು. ಶಾಕ್ ಕುಗ್ಗಿದಾಗ ಟೈ ಮೇಲೆ ತಳ್ಳಲ್ಪಟ್ಟು ಅಲ್ಲೇ ನಿಲ್ಲುತ್ತದೆ. ನಾಲ್ಕಕ್ಕೂ ಕಟ್ಟಿ ಅವನನ್ನು ಎಂದಿನ ದಾರಿಯಲ್ಲಿ ಕಳಿಸಿದೆ. ಇಪ್ಪತ್ತು ನಿಮಿಷ ಬಿಟ್ಟು ಬಂದಾಗ ಮುಂದಿನ ಎರಡೂ ಟೈ ಬಂಪ್ ಸ್ಟಾಪ್ ಇರಬೇಕಾದ ಜಾಗವನ್ನೂ ದಾಟಿ ಮೇಲೆ ಹೋಗಿದ್ದವು. 'ಇರಬೇಕಾದ' ಅಂದೆ, ಯಾಕೆಂದರೆ ಅದು ಇರಲಿಲ್ಲ. ಕವಚ ಸರಿಸಿದಾಗ ಕೈಗೆ ಸಿಕ್ಕಿದ್ದು ಒಣ ಬ್ರೆಡ್ಡಿನ ಪುಡಿಯಂಥ ಹಳದಿ ಚೂರು. ವಯಸ್ಸಾದ ಈ ನೊರೆ ಹೀಗೇ ಉದುರಿಹೋಗುತ್ತದೆ.

ಈಗ ಮೊದಲನೆಯ ಮತ್ತು ಮೂರನೆಯ ದೂರಿಗೆ ಉತ್ತರ ಸಿಕ್ಕಿತು. ಬೆನ್ನಿಗೆ ಬೀಳುತ್ತಿದ್ದ ಏಟು ಶಾಕ್ ಬಿಗಿಯಾಗಿದ್ದಕ್ಕೂ ಅಲ್ಲ, ಸಡಿಲವಾಗಿದ್ದಕ್ಕೂ ಅಲ್ಲ, ಜಾಗವೇ ಮುಗಿದು ಲೋಹ ಲೋಹಕ್ಕೆ ಬಡಿದಿದ್ದಕ್ಕೆ. ತಿರುವಿನಲ್ಲಿ ಹೊರಗಿನ ಚಕ್ರ ಮೊದಲೇ ಒತ್ತಿಕೊಂಡಿರುತ್ತದೆ. ಅಲ್ಲಿ ಸಣ್ಣ ಉಬ್ಬು ಬಂದರೂ ಸಸ್ಪೆನ್ಶನ್ ಕಲ್ಲಾಗುತ್ತದೆ, ಟೈರು ಹಿಡಿತ ಬಿಟ್ಟು ಜಿಗಿಯುತ್ತದೆ. ಈ ಸ್ಥಿತಿಯಲ್ಲಿ ಅವನು ನೋಡಿಟ್ಟಿದ್ದ ಕಾಯಿಲೋವರ್ ತಂದು ಇದೇ ಎತ್ತರಕ್ಕೆ ಕೂರಿಸಿದ್ದರೆ, 32ರಲ್ಲಿ ಯಾವ ಕ್ಲಿಕ್ಕೂ ಅವನ ಬೆನ್ನನ್ನು ಉಳಿಸುತ್ತಿರಲಿಲ್ಲ.

ಉಳಿದದ್ದು ತೊಟ್ಟಿಲಾಟ. ಅದಕ್ಕೆ ಕಾಗದ-ಪೆನ್ನು ಹಿಡಿದು ಕೂತೆವು. ಕಾರು, ಡ್ರೈವರ್ ಸೇರಿಸಿ, ಚಕ್ರ-ಬ್ರೇಕಿನ ಭಾರ ಕಳೆದು ನಾಲ್ಕರಿಂದ ಭಾಗಿಸಿದರೆ ಒಂದೊಂದು ಮೂಲೆಯ ಮೇಲೆ ಸುಮಾರು 240 ಕೆ.ಜಿ. ಚಕ್ರದ ಬಳಿ ಸ್ಪ್ರಿಂಗಿನ ಬಿಗಿ ಮಿ.ಮೀ.ಗೆ 18 ನ್ಯೂಟನ್ ಎಂದು ಹಿಡಿದರೆ ಗಾಡಿ ತಾನಾಗಿ ತೂಗುವ ಆವರ್ತನ 1.4 ಹರ್ಟ್ಸ್, ಅಂದರೆ ಸೆಕೆಂಡಿಗೆ 1.4 ತೂಗು. ಕುಳ್ಳ ಸ್ಪ್ರಿಂಗು ಅದಕ್ಕಿಂತ ಶೇ. 40ರಷ್ಟು ಬಿಗಿ ಅಂದುಕೊಂಡರೆ 1.6. ಇತ್ತ ರಸ್ತೆಯ ಕಾಂಕ್ರೀಟ್ ಹಲಗೆಗಳ ಬೆಸುಗೆಯಿಂದ ಬೆಸುಗೆಗೆ ಹೆಜ್ಜೆ ಹಾಕಿ ಅಳೆದಿದ್ದು 12 ಮೀಟರ್ ಆಸುಪಾಸು. 12 ಮೀಟರಿಗೊಂದು ಏಟು, ಸೆಕೆಂಡಿಗೆ 1.6 ಏಟು, ಅಂದರೆ ಸೆಕೆಂಡಿಗೆ 19 ಮೀಟರು, ಗಂಟೆಗೆ 70 ಕಿ.ಮೀ. ಅವನು ಹೇಳಿದ ವೇಗವೇ! ಲೆಕ್ಕ ಇಷ್ಟು ಚಂದ ಹೊಂದಿಕೊಂಡಾಗ ನಾನು ಸಾಮಾನ್ಯವಾಗಿ ಅನುಮಾನಪಡುತ್ತೇನೆ, ಯಾಕೆಂದರೆ ನಡುವೆ ಎರಡು ಅಂದಾಜುಗಳಿವೆ. ಆದರೂ ದಿಕ್ಕು ಸರಿಯಾಗಿತ್ತು: ರಸ್ತೆ ಜೋಕಾಲಿಯನ್ನು ತಾಳಕ್ಕೆ ಸರಿಯಾಗಿ ನೂಕುತ್ತಿದೆ, ನಿಲ್ಲಿಸಬೇಕಾದ ಶಾಕ್ ನಿಲ್ಲಿಸುತ್ತಿಲ್ಲ.

ಬಿಗಿ ಸ್ಪ್ರಿಂಗು ಹಾಕಿದ್ದರಿಂದಲೇ ಹಳೇ ಶಾಕ್ ಸೋತಿತೇ? ಅದನ್ನೂ ನೋಡಿದೆವು. ತೂಗಾಟ ಒಂದೇ ಬಾರಿಗೆ ನಿಲ್ಲಲು ಬೇಕಾದ ತಡೆ ಬಿಗಿಯ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 1.4ರ ವರ್ಗಮೂಲ 1.18. ಅಂದರೆ ಶೇ. 40 ಬಿಗಿಯಾದ ಸ್ಪ್ರಿಂಗಿಗೆ ಶಾಕ್ ಶೇ. 18 ಜಾಸ್ತಿ ಬಲ ಕೊಟ್ಟರೆ ಸಾಕಿತ್ತು. ಅಷ್ಟು ಕೊರತೆಗೆ ಗಾಡಿ ತೊಟ್ಟಿಲಾಗುವುದಿಲ್ಲ. ಆಮೇಲೆ ಮುಂದಿನ ಎರಡು ಶಾಕ್ ಬಿಚ್ಚಿ ಪರಿಚಯದ ರೇಸ್ ಗ್ಯಾರೇಜಿನ ಡೈನೋ, ಅಂದರೆ ಶಾಕಿನ ಬಲ ಅಳೆಯುವ ಯಂತ್ರದ ಮೇಲೆ ಹಾಕಿಸಿದಾಗ ಖಾತ್ರಿಯಾಯಿತು. ಎಡಗಡೆಯದು ರಿಬೌಂಡಿನಲ್ಲಿ, ಅಂದರೆ ಹಿಗ್ಗುವಾಗ, ಬಲಗಡೆಯದರ ಅರ್ಧದಷ್ಟು ಬಲವನ್ನೂ ಕೊಡುತ್ತಿರಲಿಲ್ಲ. ಕೈಯಲ್ಲಿ ಎಳೆದರೂ ಗೊತ್ತಾಗುತ್ತಿತ್ತು: ನಡುವೆ ಒಂದೆಡೆ ಏನೂ ತಡೆಯಿಲ್ಲದ ಖಾಲಿ ಜಾಗ. ಎಣ್ಣೆ ಸೋರಿ ಗಾಳಿ ಸೇರಿದ ಗುರುತು ಅದು.

ಗೆಳೆಯ ಕೇಳಿದ: "ಇದನ್ನ ಬೆಂಗಳೂರಿನ ಜೆ.ಸಿ. ರೋಡಲ್ಲಿ ಮಾಡ್ತಾರಲ್ಲ, ಹಾಗೆ ಬಿಚ್ಚಿ ಎಣ್ಣೆ ತುಂಬಿಸೋಕೆ ಆಗಲ್ವಾ? ಅಪ್ಪನ ಪದ್ಮಿನಿ ಕಾರಿಗೆ ಎಷ್ಟು ಸಲ ಮಾಡಿಸಿದ್ರು." ಆಗುತ್ತದೆ. ಬಿಲ್‌ಸ್ಟೈನ್, ಕೋನಿಯಂಥ ಕಂಪನಿಗಳ ಶಾಕ್‌ಗಳನ್ನು ಹೀಗೆ ಮರುಜೀವ ಕೊಟ್ಟು ವರ್ಷಗಟ್ಟಲೆ ಓಡಿಸುವವರಿದ್ದಾರೆ. ಆದರೆ ಬೆಸೆದು ಮುಚ್ಚಿದ ಹಳೇ ಶಾಕನ್ನು ಕೊರೆದು ತುಂಬಿಸಿದರೆ ನಾಲ್ಕೂ ಒಂದೇ ಸಮ ಬರುವುದು ಕಷ್ಟ, ಸ್ಪೋರ್ಟ್ಸ್ ಕಾರಿಗೆ ಬೇಕಾದ್ದು ಆ ಸಮವೇ.

ಹಾಗಾದರೆ ಯಾವುದು? ಇಲ್ಲಿ ನಾನು ಪ್ರಶ್ನೆಯ ಸರದಿ ಬದಲಿಸಿದೆ. ಮೊದಲು ಎತ್ತರ ತೀರ್ಮಾನವಾಗಲಿ, ಆಮೇಲೆ ಸ್ಪ್ರಿಂಗು, ಕೊನೆಗೆ ಶಾಕ್. ಮಿಷಿಗನ್‌ನಲ್ಲಿ ಚಳಿಗಾಲದ ನೀರು ಬಿರುಕಿನೊಳಗೆ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ, ಮಾರ್ಚ್-ಏಪ್ರಿಲ್ ಹೊತ್ತಿಗೆ ರಸ್ತೆಯನ್ನು ಎಬ್ಬಿಸಿಬಿಡುತ್ತದೆ. ಇಂಥ ಊರಿನಲ್ಲಿ ದಿನಾ ಆಫೀಸಿಗೆ ಹೋಗುವ ಗಾಡಿಗೆ ಚಲನೆಯ ಜಾಗಕ್ಕಿಂತ ದೊಡ್ಡ ಐಶ್ವರ್ಯ ಇಲ್ಲ. "ತಗ್ಗಿದ್ರೆ ಚಂದ ಕಾಣುತ್ತೆ" ಅಂತ ಅವನು ಗೊಣಗಿದ. ನಿಲ್ಲಿಸಿದಾಗ ಚಂದ, ನಿಜ. ಅದೃಷ್ಟಕ್ಕೆ ಹಿಂದಿನ ಮಾಲೀಕ ಮೂಲ ಸ್ಪ್ರಿಂಗುಗಳನ್ನು ಎಸೆಯದೆ ರಟ್ಟಿನ ಡಬ್ಬದಲ್ಲಿ ಗಾಡಿಯ ಜೊತೆಗೇ ಕೊಟ್ಟಿದ್ದ. ಗ್ಯಾರೇಜಿನ ಮೂಲೆಯಲ್ಲಿ ಅವು ಮೂರು ವರ್ಷದಿಂದ ಕೂತಿದ್ದವು. ಮೇಲೆ ಸ್ವಲ್ಪ ತುಕ್ಕು, ಬಿರುಕಿಲ್ಲ. ಉಜ್ಜಿ ಬಣ್ಣ ಬಳಿದೆವು.

ಮೂಲ ಎತ್ತರ, ಮೂಲ ಸ್ಪ್ರಿಂಗು ಅಂತ ಆದಮೇಲೆ ಕಣದಲ್ಲಿ ಉಳಿದದ್ದು ಮೂರು. ಕಾಯಿಲೋವರ್ ತಾನಾಗಿ ಬಿದ್ದುಹೋಯಿತು. ಎತ್ತರ ಬದಲಿಸುವ ಅವುಗಳ ತಿರುಪಿನ ಸುತ್ತು, ಇಲ್ಲಿನ ರಸ್ತೆಗೆ ಹಿಮ ಕರಗಲೆಂದು ಎರಚುವ ಉಪ್ಪಿಗೆ ಕೆಲವೇ ಚಳಿಗಾಲದಲ್ಲಿ ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ, ಬದಲಿಸುವ ಅಗತ್ಯವೂ ಇವನಿಗಿಲ್ಲ.

ಕೆವೈಬಿ ಕಂಪನಿಯ ಎಕ್ಸೆಲ್-ಜಿ ಶಾಕ್ ಎಲ್ಲಕ್ಕಿಂತ ಅಗ್ಗ. ಎರಡು ಕೊಳವೆಯ, ಕಡಿಮೆ ಒತ್ತಡದ ಗ್ಯಾಸಿನ, ಮೂಲ ಶಾಕಿನ ಹದಕ್ಕೆ ಹತ್ತಿರದ ಸರಕು. ಇದನ್ನು ಹೀಗಳೆಯುವವರ ಜೊತೆ ನಾನಿಲ್ಲ. ಬರೀ ಓಡಾಟದ ಗಾಡಿಯಾಗಿದ್ದರೆ ಇದನ್ನೇ ಹಾಕಿ ಉಳಿದ ದುಡ್ಡಿಗೆ ಟೈರು ತಗೋ ಅನ್ನುತ್ತಿದ್ದೆ. ಆದರೆ ಗೆಳೆಯನಿಗೆ ಬೇಸಿಗೆಯಲ್ಲಿ ಉತ್ತರ ಮಿಷಿಗನ್‌ನ ಎಂ-119 ರಸ್ತೆಯ ಹುಚ್ಚು. ಮರಗಳ ಸುರಂಗದ ನಡುವೆ ಸುತ್ತಿ ಸುತ್ತಿ ಹೋಗುವ ಇಕ್ಕಟ್ಟಾದ ದಾರಿ ಅದು. ಅಲ್ಲಿಗೆ ಇನ್ನೂ ಸ್ವಲ್ಪ ಬಿಗಿ ಬೇಕು ಅಂತ ಅವನ ಆಸೆ.

ಬಿಲ್‌ಸ್ಟೈನ್ ಬಗ್ಗೆ ಅವನಿಗೆ ಮೋಹ, ಮಿಯಾಟಾದ ಆರ್ ಪ್ಯಾಕೇಜ್ ಎಂಬ ಸ್ಪೋರ್ಟ್ಸ್ ಆವೃತ್ತಿಯಲ್ಲಿ ಕಂಪನಿಯೇ ಅದನ್ನು ಹಾಕಿ ಕೊಡುತ್ತಿತ್ತು ಅನ್ನುವ ಕಾರಣಕ್ಕೆ. ಕಾರಣ ಸಣ್ಣದಲ್ಲ. ಒಂದೇ ಕೊಳವೆಯ, ಎಣ್ಣೆ-ಗ್ಯಾಸ್ ನಡುವೆ ತೇಲುವ ಪಿಸ್ಟನ್ ಇರುವ ಈ ಬಗೆಯನ್ನು ಫ್ರಾನ್ಸಿನ ಬೂರ್ಸಿಯೇ ದ ಕಾರ್ಬೊನ್ 1953ರಲ್ಲಿ ರೂಪಿಸಿದರು. ಬಿಲ್‌ಸ್ಟೈನ್ ಅದನ್ನು 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಹಾಕಿ ಪ್ರಸಿದ್ಧಗೊಳಿಸಿತು. ಎಣ್ಣೆ ನೊರೆಯಾಗುವುದಿಲ್ಲ, ಬಿಸಿ ನೇರ ಹೊರಗೆ ಹೋಗುತ್ತದೆ. ಆದರೆ ಆ ಗ್ಯಾಸಿನ ಒತ್ತಡ ಕಡ್ಡಿಯನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. 12 ಮಿ.ಮೀ. ಕಡ್ಡಿ, 20 ಬಾರ್ ಒತ್ತಡ ಅಂದುಕೊಂಡರೆ 226 ನ್ಯೂಟನ್, ಅಂದರೆ 23 ಕೆ.ಜಿ. ಹಗುರ ಕಾರಿನಲ್ಲಿ ಇದು ಕೆಲವು ಮಿ.ಮೀ. ಎತ್ತರವಾಗಿ ಕಾಣಿಸುತ್ತದೆ, ಸೀಲಿನ ಘರ್ಷಣೆಯೂ ಸಣ್ಣ ಉಬ್ಬಿನಲ್ಲಿ ಕೈಗೆ ತಾಕುತ್ತದೆ. ಹೊರಕೊಳವೆಗೆ ಕಲ್ಲು ಬಡಿದು ತಗ್ಗು ಬಿದ್ದರೆ ಪಿಸ್ಟನ್ನೇ ಸಿಕ್ಕಿಕೊಳ್ಳಬಹುದು. ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಅಂಶ: ಬಿಲ್‌ಸ್ಟೈನ್‌ನ ಬಿ6 ಮೂಲ ಎತ್ತರಕ್ಕೆ, ಬಿ8 ತಗ್ಗಿಸಿದ ಗಾಡಿಗೆಂದೇ ಗಿಡ್ಡ ಮಾಡಿದ್ದು. ಎರಡನ್ನೂ ಒಂದೇ ಅಂದುಕೊಂಡವರು ಬಹಳ.

ಮೂರನೆಯದು ನೆದರ್ಲೆಂಡ್ಸಿನ ಕೋನಿ, ಹಳದಿ ಬಣ್ಣದ ಸ್ಪೋರ್ಟ್. ರಿಬೌಂಡ್ ಮಾತ್ರ ಹೊಂದಿಸಬಹುದು, ಅದೂ ಶಾಕ್ ಬಿಚ್ಚದೆ, ಮೇಲ್ತುದಿಯ ಗುಬ್ಬಿ (ನಾಬ್) ತಿರುಗಿಸಿ. ನನಗೆ ಒಪ್ಪಿಗೆಯಾದದ್ದೇ ಈ 'ಮಾತ್ರ'. ಗುಂಡಿಯ ಏಟನ್ನು ಮೈಗೆ ದಾಟಿಸುವುದು ಕುಗ್ಗುವಾಗಿನ ತಡೆ. ಅದನ್ನು ಕಾರ್ಖಾನೆಯವರೇ ಮೆದುವಾಗಿ ಇಟ್ಟು, ನಿಮ್ಮ ಕೈಗೆ ಕೊಡುವುದೇ ಇಲ್ಲ. ಕೈಗೆ ಸಿಗುವುದು ಸ್ಪ್ರಿಂಗು ವಾಪಸು ಕಕ್ಕುವಾಗಿನ ತಡೆ. ನಮ್ಮ ತೊಟ್ಟಿಲಿನ ರೋಗ ಇದ್ದದ್ದು ಅಲ್ಲೇ. 29 ವರ್ಷದ ಸ್ಪ್ರಿಂಗು ಈಗ ಎಷ್ಟು ಬಿಗಿ ಎಂದು ನಾವು ಅಳೆದಿರಲಿಲ್ಲ. ಅಂದಾಜಿನ ಮೇಲೆ ನಿಂತವನಿಗೆ ಒಂದು ಗುಬ್ಬಿ ಇದ್ದರೆ ಒಳ್ಳೆಯದು. 32 ಕ್ಲಿಕ್ ಬೇಡ, ಒಂದು ಗುಬ್ಬಿ ಸಾಕು.

ಇದು ಬಿಲ್‌ಸ್ಟೈನ್‌ಗಿಂತ ಮೇಲು ಅಂತ ನಾನು ಹೇಳುತ್ತಿಲ್ಲ. ನುಣುಪು ರಸ್ತೆಯ ಊರಿನವನಾಗಿದ್ದರೆ, ಟ್ರ್ಯಾಕಿಗೆ ಹೋಗುವವನಾಗಿದ್ದರೆ, ನಾನೇ ಅದರ ಕಡೆ ವಾಲುತ್ತಿದ್ದೆ.

ಕೋನಿ ನಾಲ್ಕು, ಹೊಸ ಬಂಪ್ ಸ್ಟಾಪ್ ನಾಲ್ಕು, ಧೂಳುಗವಚ, ಮೇಲ್ಮೌಂಟಿನ ರಬ್ಬರು, ಹೊಸ ಟೈರು. ಟೈರನ್ನು ಬೇಕೆಂದೇ ಎರಡು ವಾರ ಮೊದಲು ಹಾಕಿಸಿದೆ, ಯಾವುದರಿಂದ ಏನು ಬದಲಾಯಿತು ಅಂತ ತಿಳಿಯಲಿ ಎಂದು. ಸಣ್ಣ ಕಂಪನ, ಗರಗರ ಸದ್ದು ಅದರಿಂದಲೇ ಹೋಯಿತು. ದೊಡ್ಡ ಏಟು, ತೊಟ್ಟಿಲಾಟ ಹಾಗೇ ಉಳಿದವು.

ಬಿಚ್ಚುವ ಕೆಲಸ ಒಂದು ದಿನದ್ದು ಅಂದುಕೊಂಡದ್ದು ಎರಡು ದಿನ ತಿಂದಿತು. ಹಿಂದಿನ ಚಕ್ರದ ಕೆಳತೋಳಿನ ಹೊರತುದಿಯಲ್ಲಿ ಒಂದು ಉದ್ದ ಬೋಲ್ಟು ಇದೆ. ಉಪ್ಪಿನ ನಾಡಿನ ಹಳೇ ಮಿಯಾಟಾಗಳಲ್ಲಿ ಅದು ಒಳಗಿನ ಕೊಳವೆಯ ಜೊತೆ ಒಂದೇ ಲೋಹವಾಗಿಬಿಟ್ಟಿರುತ್ತದೆ. ಅದನ್ನು ಬಿಚ್ಚಿದರೆ ಶಾಕ್ ಸುಲಭವಾಗಿ ಹೊರಬರುತ್ತದೆ ಅನ್ನುವ ಆಸೆಗೆ ಬಿದ್ದು ಗೆಳೆಯ ಪಾನಾ ಹಿಡಿದಿದ್ದ. ನಾನು ಕೈ ಹಿಡಿದು ತಡೆದೆ. ಮೇಲಿನ ತೋಳು ಮತ್ತು ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಆಂಟಿ-ರೋಲ್ ಬಾರಿನ ಕೊಂಡಿ ಬಿಚ್ಚಿ, ಜೋಡಣೆಯನ್ನು ಕೆಳಕ್ಕೆ ಒತ್ತಿ ಹಿಡಿದು ಶಾಕ್ ಜಾರಿಸಿದೆವು. ಎರಡು ಜನ ಬೇಕು, ಸ್ವಲ್ಪ ಬೈಗುಳವೂ ಬೇಕು. ಸ್ಪ್ರಿಂಗ್ ಕುಗ್ಗಿಸುವ ಸಲಕರಣೆಯ ಮುಂದೆ ಮಾತ್ರ ಯಾರೂ ಮುಖ ಒಡ್ಡಿ ನಿಲ್ಲಬಾರದು. ಅಲ್ಲಿ ತಮಾಷೆ ಇಲ್ಲ.

ಕೊನೆಯಲ್ಲಿ ಬಹಳ ಜನ ತಪ್ಪುವ ಜಾಗ ಒಂದಿದೆ. ತೋಳುಗಳ ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ಗಾಡಿ ಜ್ಯಾಕ್ ಮೇಲೆ ಇದ್ದಾಗ ಪೂರ್ತಿ ಬಿಗಿಯಬಾರದು. ಆಗ ಚಕ್ರ ನೇತಾಡುತ್ತಿರುತ್ತದೆ, ರಬ್ಬರು ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ನೆಲಕ್ಕಿಳಿಸಿದ ಕೂಡಲೇ ತಿರುಚಿಕೊಂಡು, ಗಾಡಿಯನ್ನು ಸುಳ್ಳು ಎತ್ತರದಲ್ಲಿ ನಿಲ್ಲಿಸಿ, ಬೇಗ ಹರಿಯುತ್ತದೆ. ಚಕ್ರದ ಕೆಳಗೆ ಮರದ ಹಲಗೆ ಕೊಟ್ಟು, ಗಾಡಿಯ ಭಾರ ಚಕ್ರದ ಮೇಲೆ ಕೂತ ಮೇಲೆ ಬಿಗಿದೆವು. ವೀಲ್ ಅಲೈನ್‌ಮೆಂಟ್ ಮಾಡಿಸಿದ್ದು ಒಂದು ವಾರ ಓಡಿಸಿ ಎಲ್ಲ ಕೂತುಕೊಂಡ ಮೇಲೆ.

ನಾಲ್ಕೂ ಕೋನಿ ಅತಿ ಮೆದುವಿನಿಂದ ಶುರುವಾದವು. ಮತ್ತೆ ಕೇಬಲ್ ಟೈ, ಅದೇ ರಸ್ತೆ, ಅದೇ ಇಪ್ಪತ್ತು ನಿಮಿಷ. ಮುಂದಿನ ಟೈಗಳು ಬಂಪ್ ಸ್ಟಾಪನ್ನು ಮುಟ್ಟಿದ್ದವು, ಅರೆದಿರಲಿಲ್ಲ. ಹಿಂದಿನವು ಮುಟ್ಟಿಯೇ ಇರಲಿಲ್ಲ. 60ರ ಹತ್ತಿರ ಇನ್ನೂ ಒಂದು ಸಣ್ಣ ತೂಗು ಉಳಿದಿತ್ತು. ಆವರ್ತನ 1.4ಕ್ಕೆ ಇಳಿದಾಗ ತಾಳದ ವೇಗವೂ ಇಳಿಯಬೇಕಲ್ಲ, ಇಳಿದಿತ್ತು. ಬಾನೆಟ್ ತೆಗೆದು ಮುಂದಿನ ಎರಡನ್ನೂ ಅರ್ಧ ಸುತ್ತು ಬಿಗಿ ಮಾಡಿದೆವು. ತೂಗು ನಿಂತಿತು. ಉತ್ಸಾಹಕ್ಕೆ ಅವನು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿದ. ಸಾಲು ಸಾಲು ಗುಂಡಿಯಲ್ಲಿ ಚಕ್ರ ವಾಪಸು ಇಳಿಯುವ ಮೊದಲೇ ಮುಂದಿನ ಗುಂಡಿ ಬಂದು, ಗಾಡಿ ಮೆಟ್ಟಿಲು ಮೆಟ್ಟಿಲಾಗಿ ಕೂರತೊಡಗಿತು. ಅತಿ ರಿಬೌಂಡಿನ ಲಕ್ಷಣವೇ ಇದು. ಮತ್ತೆ ಅರ್ಧಕ್ಕೆ ಬಂತು.

ಆಗಸ್ಟ್‌ನಲ್ಲಿ ಎಂ-119ಕ್ಕೆ ಹೋಗಿ ಬಂದು ಫೋನ್ ಮಾಡಿದ. ತಿರುವಿನ ನಡುವಿನ ಜಿಗಿತ ಇಲ್ಲ, ಹಿಂದುಗಡೆ ಮಾತ್ರ ಸ್ವಲ್ಪ ಸಡಿಲ ಅನ್ನಿಸಿತಂತೆ. ಡಿಕ್ಕಿಯೊಳಗಿನ ಹೊದಿಕೆ ಸರಿಸಿ ಹಿಂದಿನವನ್ನು ಕಾಲು ಸುತ್ತು ತಿರುಗಿಸಲು ಹೇಳಿದೆ. ಈಗ ಅಲ್ಲೇ ಇವೆ. ಹಿಂದಿನ ಆ ಉದ್ದ ಬೋಲ್ಟುಗಳು ಇನ್ನೂ ಕೊಳವೆಯ ಜೊತೆ ಬೆಸೆದುಕೊಂಡೇ ಇವೆ, ಆ ಬುಶ್‌ಗಳ ಸರದಿ ಬರುವಾಗ ಅವನ್ನು ಗರಗಸ ಹಾಕಿ ಕತ್ತರಿಸಬೇಕಾಗುತ್ತದೆ. ಕುಳ್ಳ ಸ್ಪ್ರಿಂಗುಗಳು ಈಗ ಅದೇ ರಟ್ಟಿನ ಡಬ್ಬದಲ್ಲಿವೆ.